ಒಂದೇ ವಾಕ್ಯದ ಕಥೆ

ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿ ದಿನವೂ ಓಡಾಡುವ ಕನ್ನಡಿಗರಲ್ಲಿ ಎಷ್ಟು ಮಂದಿ ಫಿಲ್ಮ್ ಇನ್‌ಸ್ಟಿಟ್ಯೂಟಿನ ಕಡೆ ತಿರುಗಿ ನೋಡುವರೋ ಕಾಣೆವು. ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಆರಂಭವಾದ ಈ ಸಂಸ್ಥೆಗೂ ನಮಗೂ ನಂಟುಂಟು. ಗಿರೀಶ ಕಾಸರವಳ್ಳಿಯವರು ಕಲಿತದ್ದು ಇಲ್ಲಿಯೇ. ವೈದ್ಯಕೀಯ ಓದಿ ಇಲ್ಲಿಗೆ ಬಂದ ಮೈಸೂರಿನ ಚಿದಾನಂದ ನಾಯ್ಕರು ವಿದ್ಯಾರ್ಥಿಯಾಗಿ ತೆಗೆದ 16 ನಿಮಿಷದ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಪಡೆಯಿತು.

ಅದರ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯಲು, ಊರಿಗೆ ಬೆಳಗಾಗುವುದೇ ನಿಂತುಹೋಗುತ್ತದೆ. ಅಜ್ಜಿಯ ಕೋಳಿಯ ಕಥೆ ಕೇಳದೆ ಬೆಳೆದ ಕನ್ನಡದ ಕೂಸು ಉಂಟೆ? ನಾವು ಕೇಳಿದ ಕಥೆಯಲ್ಲಿ ಅಜ್ಜಿ ಕೋಳಿಯೊಡನೆ ಊರು ಬಿಟ್ಟರೂ ಬೆಳಗಾಯಿತು, ಆಕೆಯ ಜಂಬ ಇಳಿಯಿತು. ಇಲ್ಲಿ ಬೆಳಗಾಗುವುದಿಲ್ಲ. ಅಷ್ಟಕ್ಕೇ ಕಥೆ ಹೊಸದಾಯಿತು.

ಇಂಥ ವಾಕ್ಯಕ್ಕೆ ಚಿತ್ರಕಥೆಯವರು ‘ಲಾಗ್‌ಲೈನ್’ ಎನ್ನುತ್ತಾರೆ. ಯಾರ ಕಥೆ, ಅವರಿಗೆ ಬೇಕಾದದ್ದೇನು, ಅಡ್ಡ ನಿಂತದ್ದೇನು, ಇಷ್ಟೂ ಅದರಲ್ಲಿರಬೇಕು. ಹೆಸರು ಬೇಡ, ಕೊನೆ ಬೇಡ.

ನಮಗೂ ಹುಮ್ಮಸ್ಸು ಬಂದಿತು. ಗದಗಿನಿಂದ ಬಂದು ನಮ್ಮಲ್ಲಿರುವ ಅವ್ವನನ್ನು ನೆನೆದು, ‘ಪುಣೆಗೆ ಬಂದ ಮುದುಕಿಯೊಬ್ಬಳ ಒಂಟಿತನ’ ಎಂದು ಬರೆದು ಮೂವರು ಮಿತ್ರರಿಗೆ ತೋರಿಸಿದೆವು. ಒಬ್ಬರು, ‘ಸೊಸೆಯನ್ನು ಕೆಟ್ಟವಳನ್ನಾಗಿ ಮಾಡಿರಿ’ ಎಂದರು. ಇನ್ನೊಬ್ಬರು ಸಾವು ಬೇಕೆಂದರು. ನಾಟಕ ಆಡಿಸುವ ಹಿರಿಯರು, ‘ಇದು ವಿಷಯವಾಯಿತು, ಕಥೆಯಲ್ಲ’ ಎಂದುಬಿಟ್ಟರು. ನಿಜ ಹೇಳಬೇಕೆಂದರೆ ನಮಗೆ ಸಿಟ್ಟೇ ಬಂದಿತ್ತು. ಎರಡು ದಿನ ಅವರ ಫೋನನ್ನೇ ಎತ್ತಲಿಲ್ಲ.

ಸಿಟ್ಟು ಇಳಿದ ಮೇಲೆ ನೋಡಿದರೆ, ಮೂವರ ಮದ್ದು ಬೇರೆಬೇರೆ, ಎಡವಿದ ಕಲ್ಲು ಒಂದೇ: ಮುದುಕಿಗೆ ಬೇಕಾದದ್ದೇನು? ಮದ್ದನ್ನು ಬಿಟ್ಟು ಕಲ್ಲನ್ನು ಹುಡುಕಿದೆವು. ಹೇಳಿದ್ದನ್ನೆಲ್ಲ ಕೇಳಬೇಕೆಂದೇನೂ ಇಲ್ಲ. ನಾಯ್ಕರಿಗೂ ಈ ಚಿತ್ರ ಬೇಡವೆಂದವರಿದ್ದರಂತೆ, ಅವರು ನಾಲ್ಕೇ ದಿನದಲ್ಲಿ ಅದನ್ನೇ ಮುಗಿಸಿದರು.

ಊಟಕ್ಕೆ ಕೂತಾಗ ಆ ಪ್ರಶ್ನೆಯನ್ನು ಗಟ್ಟಿಯಾಗಿ ಆಡಿದೆವು. ಅವ್ವ ರೊಟ್ಟಿ ಬಡಿಯುತ್ತಲೇ, ‘ಆಕೀಗೆ ತನ್ನ ಮನಿಗೆ ಹೋಗೂದು ಬೇಕಾಗೇದ. ಅಡ್ಡ ನಿಂತಾಂವ ನೀನs ಅಲ್ಲೇನು?’ ಎಂದಳು. ಗದಗಿನ ಮನೆ ಮಾರುವ ಮಾತನ್ನು ನಾವು ತೆಗೆದದ್ದು ಆ ವಾರವೇ. ತುತ್ತು ಇಳಿಯಲಿಲ್ಲ.

ಈಗಿನ ವಾಕ್ಯ ಹೀಗಿದೆ: ‘ಊರಿಗೆ ಮರಳಲು ಹಂಬಲಿಸುವ ಮುದುಕಿ, ಹಳೆಯ ಮನೆ ಮಾರಲು ಹೊರಟ ಮಗನಿಗೆ ಸಿಗದಂತೆ ಅದರ ಕೀಲೀಕೈ ಬಚ್ಚಿಡುತ್ತಾಳೆ.’ ಅವ್ವನಿಗೆ ಓದಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಲ್ಲಿ ಇಟ್ಟಾಳ ಅನ್ನೂದು ಮಾತ್ರ ಬರೀಬ್ಯಾಡಪಾ’ ಎಂದಳು.