ಕರ್ನೆಲ್ ಕೈಗೊಂದು ಬಿಲ್ಟಿ

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಗೆ ಲಾರಿ ಬಂದರೆ ಮೊದಲು ಕೇಳುವುದು ಬಿಲ್ಟಿ. ಯಾವ ಮಾಲು, ಎಷ್ಟು, ಯಾರಿಗೆ ಎಲ್ಲ ಅದರಲ್ಲಿರುತ್ತದೆ. ನನ್ನ ಕೆಲಸವೂ ಹೆಚ್ಚುಕಡಿಮೆ ಬಿಲ್ಟಿ ಬರೆಯುವುದೇ. ಓದುವುದು ಮಾತ್ರ ಲಿನಕ್ಸ್ ಕರ್ನೆಲ್.

ಯುಎಸ್‌ಬಿ ಮೌಸ್ ಸಿಕ್ಕಿಸಿದರೆ ತಾನು ಯಾರೆಂದು ಅದೇ ಹೇಳಿಕೊಳ್ಳುತ್ತದೆ. ಪುಟ್ಟ ಬೋರ್ಡಿಗೆ ಬೆಸೆದ ತಾಪಮಾನದ ಸೆನ್ಸರ್‌ಗೆ ಆ ಬಾಯಿಲ್ಲ. ಹಿಂದೆ ಒಂದೊಂದು ಎಆರ್‌ಎಂ ಬೋರ್ಡಿನ ವಿವರವನ್ನೂ ಕರ್ನೆಲ್ ಒಳಗೇ ಸಿ ಭಾಷೆಯಲ್ಲಿ ತುಂಬುತ್ತಿದ್ದರು. 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಗೋಜಲಿಗೆ ಸಿಡುಕಿದ ಮೇಲೆ ಎಆರ್‌ಎಂ ಲೋಕ ‘ಡಿವೈಸ್ ಟ್ರೀ’ಯತ್ತ ಹೊರಳಿತು. ಹೊಸದೇನಲ್ಲ, ಸನ್ ಮತ್ತು ಆಪಲ್ ಯಂತ್ರಗಳ ಓಪನ್ ಫರ್ಮ್‌ವೇರ್‌ನಿಂದ ಬಂದದ್ದು. ಬೋರ್ಡಿನ ವಿವರ ಬೇರೆ ಕಡತದಲ್ಲಿರುತ್ತದೆ. ಬೂಟ್‌ಲೋಡರ್ ಅದನ್ನು ಮೆಮೊರಿಯಲ್ಲಿಟ್ಟು, ಎಲ್ಲಿದೆಯೆಂದು ಕರ್ನೆಲ್‌ಗೆ ತಿಳಿಸುತ್ತದೆ. ‘ಕಂಪ್ಯಾಟಿಬಲ್’ ಎಂಬ ಸಾಲು ನೋಡಿ ಕರ್ನೆಲ್ ತಕ್ಕ ಡ್ರೈವರನ್ನು ಹುಡುಕುತ್ತದೆ. (ಇಲ್ಲೂ ಡ್ರೈವರೇ!)

ಒಮ್ಮೆ ಔಷಧ ಸಾಗಿಸುವ ಶೀತಲ ಲಾರಿಗೆ ಕೂರಿಸಬೇಕಿದ್ದ ಪೆಟ್ಟಿಗೆ ಎರಡು ದಿನ ತಾಪಮಾನವನ್ನೇ ತೋರಿಸಲಿಲ್ಲ. ಬೆಳಿಗ್ಗೆ ಲಾರಿ ಹೊರಡಬೇಕು. ವಿಜಯಪುರ ಕಡೆಯ ಚಾಲಕರು ಇಣುಕಿ, “ಏನ್ರೀ ಸಾಹೇಬ್ರ, ಪೆಟ್ಟಿಗಿ ಇನ್ನೂ ಮಾತಾಡವಲ್ದೇನ್ರೀ?” ಎಂದರು. ತಪ್ಪು ನನ್ನದೇ. ಸೆನ್ಸರ್‌ನ ವಿಳಾಸವನ್ನು ಹೆಕ್ಸಾಡೆಸಿಮಲ್ 90 ಎಂದು ಬರೆದಿದ್ದೆ. ಅದು ಓದು-ಬರೆ ಸೂಚಿಸುವ ಬಿಟ್ ಸೇರಿದ ಎಂಟು ಬಿಟ್‌ಗಳ ಅಂಕಿ. ಡಿವೈಸ್ ಟ್ರೀಗೆ ಬೇಕಾದದ್ದು ಏಳೇ ಬಿಟ್, ಅಂದರೆ 48. ಕಂಪೈಲರ್ ಎಚ್ಚರಿಸಿಯೂ ಇತ್ತು. ನೂರು ಸಾಲುಗಳ ನಡುವೆ ನಾನೇ ಓದಿರಲಿಲ್ಲ.

ರಾತ್ರಿ ಹತ್ತೂವರೆಗೆ ತಿದ್ದಿ ಮತ್ತೆ ಬೂಟ್ ಮಾಡಿದೆ. ಪರದೆಯಲ್ಲಿ 31 ಡಿಗ್ರಿ ಮೂಡಿತು. ಹೊರಗೆ ಕಳಂಬೋಲಿಯ ಸೆಕೆಯೂ ಅಷ್ಟೇ ಇತ್ತು.