ಎಂಜಿನ್‌ಗೂ ಉಸಿರು ಬೇಕು

ನಮ್ಮ ನಾನಾ, ಅಂದರೆ ಅಮ್ಮನ ತಂದೆ ಕೊಂಡಿದ್ದ ಹಳೆಯ ಪೆಟ್ರೋಲ್ ಅಂಬಾಸಿಡರ್ ಈಗಲೂ ವಾಡಿಯಲ್ಲಿ ಮಾಮು ಮನೆಯ ಮುಂದೆ ನಿಲ್ಲುತ್ತದೆ. ಕಳೆದ ಬೇಸಿಗೆಯಲ್ಲಿ ಅದರ ಕೆಳಗಿನ ಶಹಾಬಾದ್ ಫರ್ಸಿಯ ಮೇಲೆ ದಿನಾಲೂ ಎಣ್ಣೆಯ ಕಪ್ಪು ಕಲೆ ಬೀಳುತ್ತಿತ್ತು. ಒಂದು ಗ್ಯಾರೇಜಿನವರು, "ಎಂಜಿನ್ ಪೂರ್ತಿ ಬಿಚ್ಚಬೇಕು, ₹40,000 ಆಗುತ್ತದೆ" ಎಂದರು. ಮಾಮು ಬಳಿ ಅಷ್ಟು ಹಣವಿರಲಿಲ್ಲ. ಗುಜರಿಗೆ ಕೊಡುವ ಮಾತು ಬಂದಾಗ ನಾನಿ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ವಯಸ್ಸಾದ ಒಬ್ಬ ಮಿಸ್ತ್ರಿ ಬಂದರು. ಅವರ ಮೊದಲ ಪ್ರಶ್ನೆ: "ಇದರ ಉಸಿರು ಕೊಳವೆ ನೋಡಿದ್ದೀರಾ?" ನಾನು ಕಾಮರ್ಸ್ ವಿದ್ಯಾರ್ಥಿ. ಎಂಜಿನ್ ಉಸಿರಾಡುತ್ತದೆ ಎಂಬುದು ನನಗೆ ಅಂದೇ ತಿಳಿದದ್ದು. ಅವರಿಂದ ಕೇಳಿದ್ದನ್ನೂ ಆಮೇಲೆ ಓದಿದ್ದನ್ನೂ ಇಲ್ಲಿ ಹೇಳುತ್ತೇನೆ.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಬಿಸಿ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಸ್ವಲ್ಪ ಅನಿಲ ಪಕ್ಕದಿಂದ ನುಸುಳಿ ಕ್ರಾಂಕ್‌ಕೇಸಿಗೆ ಇಳಿಯುತ್ತದೆ. ಕ್ರಾಂಕ್‌ಕೇಸ್ ಎಂದರೆ ಕ್ರಾಂಕ್ ಶಾಫ್ಟ್ ತಿರುಗುವ, ತಳದಲ್ಲಿ ಎಣ್ಣೆ ನಿಂತಿರುವ ಪೆಟ್ಟಿಗೆ. ನುಸುಳಿದ ಅನಿಲದಲ್ಲಿ ನೀರಾವಿಯೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ! ಬಹುಪಾಲು ಸೈಲೆನ್ಸರ್ ಮೂಲಕ ಹೋಗುತ್ತದೆ. ಕ್ರಾಂಕ್‌ಕೇಸಿನಲ್ಲಿ ಉಳಿದದ್ದು ಎಣ್ಣೆಗೆ ಸೇರಿ ಕೆಸರಾಗುತ್ತದೆ. ಅನಿಲಕ್ಕೆ ಹೊರಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಹೆಚ್ಚಿ, ಎಣ್ಣೆ ಸಂದುಗಳಿಂದ ಹೊರಬರುತ್ತದೆ.

ಹಳೆಯ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿ-ಸೀರೀಸ್ ಕುಟುಂಬದ್ದು. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿಗೂ ಇದೇ ಕುಟುಂಬದ 1489 ಸಿಸಿ ಎಂಜಿನ್ ಇತ್ತು. ಇದರ ಪಕ್ಕದ ಮುಚ್ಚಳದಿಂದ ಒಂದು ಕೊಳವೆ ರಸ್ತೆಯ ಕಡೆಗೆ ಇಳಿಯುತ್ತದೆ. ಕಾರು ಓಡುವಾಗ ಕೊಳವೆಯ ತುದಿಯಲ್ಲಿ ಹಾಯುವ ಗಾಳಿ ಒಳಗಿನ ಅನಿಲವನ್ನು ಹೊರಕ್ಕೆ ಎಳೆಯುತ್ತದೆ. ಮೇಲಿನ ರಾಕರ್ ಕವರ್‌ನಿಂದ ಇನ್ನೊಂದು ಪೈಪು ಏರ್ ಕ್ಲೀನರಿಗೆ ಹೋಗುತ್ತದೆ. ಈ ಎಂಜಿನ್ನಿನ ಹಿಂಬದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಸುರುಳಿ ಗೆರೆಯೇ ತಿರುಗುತ್ತಾ ಎಣ್ಣೆಯನ್ನು ಒಳಕ್ಕೆ ಮರಳಿಸುತ್ತದೆ. ಹಾಗಾಗಿ ಒತ್ತಡ ಹೆಚ್ಚಿದರೆ ಅಲ್ಲಿಂದ ಸೋರುವುದು ಸುಲಭ.

ಕಾರು ನಿಂತಾಗ ಕೊಳವೆಯ ಎಳೆತವೂ ನಿಲ್ಲುತ್ತದೆ. ಜೊತೆಗೆ ಕೊಳಕು ಅನಿಲವೆಲ್ಲ ಬೀದಿಗೆ. ಅದಕ್ಕಾಗಿಯೇ 1960ರ ದಶಕದಲ್ಲಿ ಪಿಸಿವಿ ವಾಲ್ವ್ ಬಳಕೆಗೆ ಬಂತು. ಎಂಜಿನ್ ಗಾಳಿ ಹೀರುವ ಶಕ್ತಿಯಿಂದಲೇ ಈ ಅನಿಲವನ್ನು ಎಳೆದು, ಮತ್ತೆ ಸಿಲಿಂಡರಿಗೆ ಕಳಿಸಿ ಸುಡುವ ವ್ಯವಸ್ಥೆ ಅದು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದಲೇ ಇದು ಶುರುವಾಯಿತು.

ನಮ್ಮ ಕಾರಿನ ಎರಡೂ ದಾರಿಗಳು ಧೂಳು ಮತ್ತು ಹಳೆಯ ಎಣ್ಣೆಯಿಂದ ಕಟ್ಟಿಹೋಗಿದ್ದವು. ಮಿಸ್ತ್ರಿ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಪೈಪು ಹಾಕಿದರು. ಖರ್ಚು ₹350. ಮರುದಿನ ಕಲೆ ರೂಪಾಯಿ ನಾಣ್ಯದಷ್ಟಿತ್ತು. "ತೊಳೆದ ಮೇಲೂ ಎಣ್ಣೆ ಹಾಕುವ ಬಾಯಿಂದ ಹೊಗೆ ಜೋರಾಗಿ ಬಂದರೆ ರಿಂಗು ಸವೆದಿದೆ ಎಂದರ್ಥ. ಆಗ ಬಿಚ್ಚಲೇಬೇಕು" ಎಂದೂ ಎಚ್ಚರಿಸಿದರು.

ನಿಮ್ಮ ಮನೆಯ ಹಳೆಯ ಗಾಡಿ ಎಣ್ಣೆ ಸೋರುತ್ತಿದ್ದರೆ, ದೊಡ್ಡ ಖರ್ಚು ಬರೆಯುವ ಮೊದಲು ಆ ಸಣ್ಣ ಕೊಳವೆಯನ್ನು ನೋಡಿಸಿ. ನಾನಿ ಈಗ ಪ್ರತಿ ಜುಮ್ಮಾ ದಿನ ಮಾಮುಗೆ ಅದನ್ನೇ ಕೇಳುತ್ತಾರೆ: "ಗಾಡಿಯ ಉಸಿರು ಸರಿ ಇದೆಯಾ?"