ಮಂತ್ರದ ಗಡುವಿಗೊಂದು ಗಡಿಯಾರ

ಇಂಟರ್‌ನೆಟ್ ಮೂಲಕ ಸಾವಿರಾರು ಮಂದಿ ಒಟ್ಟಿಗೆ ಆಡುವ ಆಟ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. ಬ್ಲಿಝಾರ್ಡ್ ಕಂಪೆನಿ ಇದನ್ನು ಬಿಡುಗಡೆ ಮಾಡಿದ್ದು 2004ರ ನವೆಂಬರ್‌ನಲ್ಲಿ. ಇಲ್ಲಿ ಬಲಕ್ಕಿಂತ ಸಮಯದ ಲೆಕ್ಕವೇ ಎಷ್ಟೋ ಸಲ ಗೆಲ್ಲಿಸುತ್ತದೆ. ವಾರ್‌ಲಾಕ್ ಎಂಬ ಮಾಂತ್ರಿಕನ ‘ಕರಪ್ಷನ್’ ಮಂತ್ರವನ್ನೇ ನೋಡಿ. ಮೊದಲ ಆವೃತ್ತಿಯಲ್ಲಿ, ಪೂರ್ತಿ ಪಳಗಿದ ಮಾಂತ್ರಿಕನ ಮಂತ್ರದ ಆಯಸ್ಸು 18 ಸೆಕೆಂಡು. 3 ಸೆಕೆಂಡಿಗೊಮ್ಮೆ ಶತ್ರುವಿಗೆ ಪೆಟ್ಟು. ಮತ್ತೆ ಹಾಕುವುದು ತಡವಾದರೆ ಪೆಟ್ಟು ನಿಲ್ಲುತ್ತಿತ್ತು, ಬೇಗನೆ ಹಾಕಿದರೆ ಉಳಿದ ಸಮಯ ವ್ಯರ್ಥ. ಮೂರು ಶತ್ರುಗಳ ಮೇಲೆ ಮೂರು ಮಂತ್ರಗಳಿದ್ದರಂತೂ ಲೆಕ್ಕ ತಪ್ಪಿದಂತೆಯೇ!

ಆಗ ಶತ್ರುವಿನ ಮೇಲಿನ ಮಂತ್ರಕ್ಕೆ ಎಷ್ಟು ಸಮಯ ಉಳಿದಿದೆಯೆಂದು ಆಟ ತೋರಿಸುತ್ತಿರಲಿಲ್ಲ. ಈ ಕೊರತೆ ತುಂಬಲು ಆಟಗಾರರೇ ‘ಲುವಾ’ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂಗಳನ್ನು ಬರೆದರು. ಇವೇ ‘ಆಡ್-ಆನ್’ಗಳು.

ಆರಿಸುವುದು ಹೇಗೆ?

ಮೊದಲು ಅಗತ್ಯ ನೋಡಬೇಕು. ಮಂತ್ರದ ಚಿತ್ರದ ಮೇಲೆ ಸೆಕೆಂಡಿನ ಅಂಕಿ ಕಂಡರೆ ಸಾಕೆನ್ನುವವರಿಗೆ ‘ಒಮ್ನಿಸಿಸಿ’ಯಂಥ ಸರಳ ಆಡ್-ಆನ್ ಸಾಕು. ‘ವೀಕ್‌ಆರಾಸ್’ನಲ್ಲಿ ಬೇಕಾದ ಎಚ್ಚರಿಕೆಗಳನ್ನು ತಾವೇ ರೂಪಿಸಿಕೊಳ್ಳಬಹುದು, ಆದರೆ ಕಲಿಯಲು ತಾಳ್ಮೆ ಬೇಕು. ಪರದೆಯ ತುಂಬ ಅಂಕಿಗಳಿದ್ದರೆ ಎದುರಿನ ಶತ್ರುವೇ ಕಾಣಿಸುವುದಿಲ್ಲ.

ತಂದೆ-ತಾಯಿಯರು ಗಮನಿಸಬೇಕಾದ್ದು ಬೇರೆಯೇ ಇದೆ. 2009ರಿಂದ ಕಂಪೆನಿಯ ನಿಯಮದಂತೆ ಆಡ್-ಆನ್ ಉಚಿತವಾಗಿರಬೇಕು, ಅದರ ಒಳಬರಹವನ್ನು ಯಾರು ಬೇಕಾದರೂ ಓದುವಂತಿರಬೇಕು. ಹಣ ಅಥವಾ ಪಾಸ್‌ವರ್ಡ್ ಕೇಳುವಂಥದ್ದನ್ನು ದೂರವಿಡಿ. 2014ರ ಜನವರಿಯಲ್ಲಿ, ಆಡ್-ಆನ್ ಅಳವಡಿಸುವ ‘ಕರ್ಸ್ ಕ್ಲೈಂಟ್’ ತಂತ್ರಾಂಶದ ನಕಲಿಯೊಂದು ಆಟಗಾರರ ಖಾತೆಗಳಿಗೇ ಕನ್ನ ಹಾಕಿತ್ತು.

ಗಡಿಯಾರ ಹೇಳೀತು, ಮಾಡದು

ಯಾವ ಮಂತ್ರವನ್ನು ಯಾರ ಮೇಲೆ ಹಾಕಬೇಕೆಂದು ಆಡ್-ಆನ್ ತಾನೇ ಆರಿಸುವುದನ್ನು ಕಂಪೆನಿ 2006ರ ಡಿಸೆಂಬರ್‌ನಲ್ಲೇ ತಡೆಯಿತು. 2025ರಲ್ಲಿ ಇನ್ನೂ ಮುಂದೆ ಹೋಗಿ, ‘ಮಿಡ್‌ನೈಟ್’ ಆವೃತ್ತಿಯಿಂದ ಯುದ್ಧದ ವೇಳೆ ಆಡ್-ಆನ್‌ಗಳಿಗೆ ಸಿಗುವ ಮಾಹಿತಿಯನ್ನೇ ಮೊಟಕುಗೊಳಿಸುವುದಾಗಿ ಪ್ರಕಟಿಸಿತು. ಆ ಆವೃತ್ತಿಗೆ ವೀಕ್‌ಆರಾಸ್ ತರುವುದಿಲ್ಲವೆಂದು ಅದರ ತಯಾರಕರೂ ತಿಳಿಸಿದರು. ಹಾಗಾಗಿ ಯಾವುದನ್ನೇ ಆರಿಸುವ ಮುನ್ನ, ಆಡುತ್ತಿರುವ ಆವೃತ್ತಿಗೆ ಅದು ಹೊಂದುತ್ತದೆಯೇ ಎಂದು ನೋಡುವುದು ಲೇಸು.

ದೀಪ ಬೆಳಗಿದಾಗ ಗುಂಡಿ ಒತ್ತುವುದನ್ನಷ್ಟೇ ಕಲಿತವರಿಗೆ ಇಂಥ ಬದಲಾವಣೆ ಕೈ ಕಟ್ಟಿಹಾಕಿದಂತೆ. ಮಂತ್ರದ ಆಯಸ್ಸನ್ನು ಮನಸ್ಸಿನಲ್ಲೇ ಎಣಿಸಬಲ್ಲವರಿಗೆ ಆಡ್-ಆನ್ ಇದ್ದರೆ ಅನುಕೂಲ, ಇಲ್ಲದಿದ್ದರೂ ಆಟ ನಿಲ್ಲದು. ಗಣಿತದ ಮಗ್ಗಿಗೂ ಕ್ಯಾಲ್ಕುಲೇಟರಿಗೂ ಇರುವ ನಂಟೇ ಇಲ್ಲಿಯೂ ಇದೆ.